ಮೋಟಾರ್ ಕೋಲ್ಯಾಗಿನ ಬಾಣಂತನ

ನಮ್ಮ ಮನಿ ಪೂರಾ ಕಲ್ಲಿಂದು. ನೆಲ ಕಲ್ಲು, ಗ್ವಾಡಿ ಕಲ್ಲು, ಮ್ಯಾಲ ಛತ್ತೂ ಕಲ್ಲು. ಭಾಂಡಿ ಇಡೋ ಮಾಡ ಕಲ್ಲು, ಎಮ್ಮಿ ನೀರು ಕುಡಿಯೋ ದೋಣಿ ಕಲ್ಲು. ಶಹಾಬಾದದಾಗ ಎಲ್ಲಾರ ಮನೀನೂ ಹಂಗೇ ಖರೆ, ಆದ್ರ ನಮ್ಮಪ್ಪಂದು ಸ್ವಂತ ಫರಸಿ ಖಣಿ, ನೆಲಕ್ಕ ಹಾಸೋ ಕಲ್ಲು ತಗಿಯೋದು. ಅದಕ್ಕ ನಮ್ಮಲ್ಲಿ ಜರಾ ಜಾಸ್ತಿ. ನಮ್ಮವ್ವನ ಅರಿಯೋ ಕಲ್ಲು ಸರಿಸಬೇಕಂದ್ರ ಇಬ್ಬರು ಪೈಲ್ವಾನರು ಬೇಕು. ನಾ ಗ್ವಾಡಿಗೆ ಒರಗಿ ಅಭ್ಯಾಸ ಮಾಡಿದ್ರ ಎದ್ದು ನಿಲ್ಲೋದ್ರಾಗ ನನ್ನ ಹೆರಳು ಚಪಾತಿ ಆಗಿರ್ತಿತ್ತು.

ಅಪ್ಪ ಗಿರಾಕಿಗಳಿಗೆ ಹೇಳೋ ಒಂದು ಮಾತಿತ್ತು. ವಾಡಿ ಸ್ಟೇಷನ್ನಿನಾಗ ಗಾಡಿ ಇಳಿದು ಬಂದವರಿರಲಿ, ಚಿತ್ತಾಪುರದಿಂದ ಬಂಡಿ ಹೊಡಕೊಂಡು ಬಂದವರಿರಲಿ, ಮೊದಲು ಚಾ ಕೊಡೋದು, ಆಮ್ಯಾಲ ಈ ಮಾತು ಕೊಡೋದು.

"ನೋಡ್ರಿ, ಕಟಗಿ ಮನಿ ಸುಡ್ತದ, ಹುಲ್ಲಿನ ಮನಿ ಸುಡ್ತದ. ಇದು ಸುಡಂಗಿಲ್ಲ. ಬೆಂಕಿ ಬಾಗಲ ತನಕ ಬಂದು, ಕೈ ಮುಗದು ವಾಪಸ್ ಹೋಗ್ತದ."

ವ್ಯಾಪಾರಕ್ಕಂತ ಹೇಳಿದ್ರ ನಾ ಏನೂ ಅಂತಿರಲಿಲ್ಲ. ಸುಳ್ಳು ಹೇಳೋದ್ರಾಗ ನಾನೂ ಕಮ್ಮಿ ಇಲ್ಲ, ಆ ಕಸಬು ನನಗ ಗೊತ್ತದ. ಆದ್ರ ನಾ ಹೇಳಿದ ಸುಳ್ಳು ನಾ ನಂಬಂಗಿಲ್ಲ. ಅಪ್ಪ ನಂಬಿಬಿಟ್ಟಿದ್ದ. ನನ್ನ ತ್ರಾಸ ಎಲ್ಲಾ ಶುರು ಆಗಿದ್ದು ಅಲ್ಲಿಂದ.

ಖಣಿಗೆ ಹೋಗಿ ಬರಲಿಕ್ಕ ಅಪ್ಪ ಹರಾಜಿನಾಗ ಒಂದು ಜೀಪು ಹಿಡದಿದ್ದ. ನಿಜಾಮರ ಕಾಲದಾಗೇ ಅದಕ್ಕ ಮುದಿತನ ಬಂದಿತ್ತು ಅಂತ ನನ್ನ ಅಂದಾಜು. ಹಿಂದ ನಾಕು ಮಂದಿ ದಬ್ಬಿದ್ರ ಹೋಗ್ತಿತ್ತು, ಮುಂದ ಎಮ್ಮಿ ಬಂದ್ರ ನಿಲ್ತಿತ್ತು. ಅದಕ್ಕಂತ ಮನಿ ಬಾಜೂಕ ಒಂದು ಕೋಲಿ ಕಟ್ಟಿಸಿದ, ಅದೂ ಕಲ್ಲಿಂದೇ. ಓಣಿ ಕಡಿನ ಅಂಗಳಕ್ಕ ಒಂದು ದೊಡ್ಡ ಬಾಗಲ, ನಮ್ಮ ಪಡಸಾಲಿ ಕಡೆ ಒಂದು ಸಣ್ಣ ಬಾಗಲ. ಖಿಡಕಿ ಇಲ್ಲ. ಜೀಪಿಗೆ ಗಾಳಿ ಯಾಕ ಬೇಕು ಅಂತ. ಎಲ್ಲಾರೂ ಅದಕ್ಕ ಮೋಟಾರ್ ಕೋಲಿ ಅಂತಿದ್ದರು.

ಆ ಕೋಲ್ಯಾಗ ಜೀಪು ಒಂದೇ ಇದ್ದಿದ್ರ ನಾ ಸುಮ್ಮ ಇರ್ತಿದ್ದೆ. ಪೆಟ್ರೋಲ್ ತುಟ್ಟಿ ಆದಾಗಿಂದ, ನಾಳಿ ಇನ್ನೂ ತುಟ್ಟಿ ಆಗ್ತದಂತ ಅಪ್ಪ ಡಬ್ಬಿ ತುಂಬಿ ತುಂಬಿ ಮೂಲ್ಯಾಗ ಇಡಲಿಕತ್ತಿದ್ದ. ಒಂದೊಂದು ಡಬ್ಬಿಗೆ ಬೂಚು ಇರಲಿಲ್ಲ, ಅರಿವಿ ಸುತ್ತಿ ತುರುಕಿದ್ದ. ಅದರ ಬಾಜೂಕ ಕಂದೀಲಿಗೆ ಹಾಕೋ ಘಾಸ್ಲೇಟ್ ಎಣ್ಣಿ, ಮ್ಯಾಲ ಹಳೇ ಗೋಣಿಚೀಲ, ಇಂಜಿನ್ ಒರಸಿ ಒರಸಿ ಕರ್ರಗಾದ ಅರಿವಿ, ಒಲಿಗಂತ ಕೂಡಿಸಿಟ್ಟ ತೊಗರಿ ಕಟಗಿ. ಒಂದು ಕಡ್ಡಿ ಗೀರಿದ್ರ ಅಷ್ಟು ದೂರದ ಸೇಡಂದವರು ತಮ್ಮ ಊರಾಗೇ ಕುಂತು ಅದರ ಬೆಳಕಿನಾಗ ಜ್ವಾಳ ಹಸನ ಮಾಡ್ಕೋಬಹುದಿತ್ತು.

ಮತ್ತ ಅಪ್ಪನ ಮೀಸಿ ಕಥಿ ಹೇಳದಿದ್ರ ಮುಂದಿಂದು ನಿಮಗ ತಿಳಿಯಂಗಿಲ್ಲ.

ಒಂದು ಐತವಾರ ಅಪ್ಪ ಮೋಟಾರ್ ಕೋಲ್ಯಾಗ ಪರಾತಿನಾಗ ಪೆಟ್ರೋಲ್ ಹಾಕ್ಕೊಂಡು ಜೀಪಿನ ಸಾಮಾನು ತೊಳೀತಾ ಕುಂತಿದ್ದ. ದೊಡ್ಡ ಬಾಗಲ ಹೊರಗ, ಅಂಗಳದಾಗ, ಅವ್ವ ಜಳಕದ ನೀರಿಗೆ ಒಲಿ ಹಚ್ಚಿದ್ಲು. ಒಲಿಗೂ ಪರಾತಿಗೂ ನಡುವ ಎರಡು ಎಮ್ಮಿ ಆರಾಮ ಮಲಗಬಹುದಿತ್ತು. ನಾ ಸಣ್ಣ ಬಾಗಲ ಹೊಸ್ತಿಲ ಮ್ಯಾಲ ಕುಂತು ಪೇರು ಹಣ್ಣು ತಿನ್ನಲಿಕತ್ತಿದ್ದೆ. ಒಲಿ ಕಡಿಂದ ಒಂದು ನೀಲಿ ಬೆಂಕಿ ನೆಲ ಹಿಡಕೊಂಡು, ಹಾಲಿನ ವಾಸನಿಗೆ ಬರೋ ಬೆಕ್ಕಿನಂಗ, ಬಾಗಲ ಸಂದಿನಾಗಿಂದ ಒಳಗ ಬಂತು. ಬಂದು ಸೀದಾ ಪರಾತಿಗೆ ಹಾರಿತು. ಭಕ್ ಅಂತು. ಅಪ್ಪ ಗೋಣಿಚೀಲ ಮುಚ್ಚಿ ಆರಿಸಿದ. ಚೀಲ ತಗಿಯೋದ್ರಾಗ ಅವನ ಅರ್ಧ ಮೀಸಿ ಇರಲಿಲ್ಲ.

ಅವತ್ತೇ ನನಗ ತಿಳೀತು, ಪೆಟ್ರೋಲ್ ಪರಾತಿನಾಗ ಕುಂತಿರ್ತದ, ಆದ್ರ ಅದರ ಹಬಿ ಕುಂತಲ್ಲಿ ಕುಂದ್ರಂಗಿಲ್ಲ. ಕಣ್ಣಿಗೆ ಕಾಣದಂಗ ನೆಲದ ಮ್ಯಾಲ ಓಡಾಡ್ತದ. ಬೆಂಕಿ ಎಲ್ಲದ ಅಂತ ಹುಡುಕಿಕೊಂಡು ಹೋಗ್ತದ.

ನಾ ಓಣಿಗೆಲ್ಲ ಹೇಳಿದೆ. ಬೆಂಕಿ ಈಚಲ ಗಿಡದಷ್ಟು ಎತ್ತರ ಇತ್ತು, ಅಪ್ಪ ಅದರ ಜೋಡಿ ಕುಸ್ತಿ ಹಿಡದ, ಬೆಂಕಿ ಕೆಳಗ, ಅಪ್ಪ ಮ್ಯಾಲ, ಅಂತ. ಹಂಗ ಹೇಳಿದ್ರ ಕೇಳವ್ರಿಗೂ ಛಲೋ ಅನಸ್ತದ. ಅಪ್ಪ ಏನು ಮಾಡಿದ? ಉಳಿದ ಅರ್ಧ ಮೀಸೀನೂ ಬೋಳಿಸಿಕೊಂಡು ಬಂದು, ಸನ್ನತಿ ಚಂದ್ರಲಾಂಬಾಗ ಹರಕಿ ಇತ್ತು, ಕೊಟ್ಟು ಬಂದೆ ಅಂದ. ಮೀಸಿ ಒಂದೇ ಹರಕಿ ಕೊಡೋ ಭಕ್ತ ನಮ್ಮ ಜಿಲ್ಲಾದಾಗ ಇವನೇ ಮೊದಲು. ಆದ್ರ ಮಂದಿ ಅವನ್ನ ನಂಬಿದ್ರು, ನನ್ನ ನಂಬಲಿಲ್ಲ. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ತನ್ನ ಬಿಟ್ಟು ಸನ್ನತಿಗೆ ಹೋಗಿ ಬಂದಾನಂತ ಒಂದು ವಾರ ಅವನ ಜೋಡಿ ಮಾತು ಬಿಟ್ಟಿದ್ಲು.

ಹಿಂಗಿದ್ದಾಗ ಗಂಡನ ಮನಿ ಸೇಡಂದಿಂದ ನಮ್ಮ ಅಕ್ಕ ಚೊಚ್ಚಲ ಹೆರಿಗಿಗೆ ಬಂದ್ಲು.

ಬಾಣಂತಿಗೆ ಯಾವ ಕೋಲಿ ಅಂತ ಮನ್ಯಾಗ ಮಾತು ಬಂತು. ಮಾತು ಅಂದ್ರ ಆಯಿ ಹೇಳೋದು, ಉಳಿದವರು ಗೋಣು ಹಾಕೋದು. ಬಾಣಂತಿಗೆ ಗಾಳಿ ತಾಕಬಾರದು. ಪಡಸಾಲ್ಯಾಗ ಖಿಡಕಿ ಅದ, ಅಡಗಿ ಮನ್ಯಾಗ ಬೆಳಕಿಂಡಿ ಅದ, ದೇವರ ಮನಿ ಮೈಲಿಗಿ ಆಗ್ತದ. ಗಾಳಿ ಒಂದು ಎಳಿಯಷ್ಟೂ ಬರದ ಕೋಲಿ ಅಂದ್ರ ಮೋಟಾರ್ ಕೋಲಿ. ಜೀಪು ಹೊರಗ ಬೇವಿನ ಗಿಡದ ಬುಡಕ ಹೋಯ್ತು. ತೊಗರಿ ಕಟಗಿ ಅಂಗಳಕ್ಕ ಹೋಯ್ತು. ನೆಲ ತೊಳದು, ಮಲಗಲಿಕ್ಕ ಹಗ್ಗದ ಹೊರಸು ಹಾಕಿದ್ರು. ಪೆಟ್ರೋಲ್ ಡಬ್ಬಿ? ಅವು ಮೂಲ್ಯಾಗೇ ಇದ್ದವು. ಹೊರಗ ಇಟ್ರ ಯಾರರ ಒಯ್ತಾರ ಅಂತ ಅಪ್ಪ. ಮುಂದ ಅವ್ವನ ಒಂದು ಹಳೇ ಸೀರಿ ಪರದಾ ಕಟ್ಟಿದ್ರು. ಬಾಣಂತಿ ಕಣ್ಣಿಗೆ ಚಂದ ಕಾಣಲಿ ಅಂತ.

ಮತ್ತ ಬಾಣಂತಿ ಹೊರಸಿನ ಬುಡಕ ಏನಿಡ್ತಾರ? ಶಗಡಿ. ಕೆಂಡ ತುಂಬಿದ ಶಗಡಿ, ಮುಂಜಾನಿ ಒಮ್ಮಿ, ಸಂಜೀಕ ಒಮ್ಮಿ. ಅದರ ಮ್ಯಾಲ ಅಜವಾನ, ಬಳ್ಳೊಳ್ಳಿ ಸಿಪ್ಪಿ ಉದುರಿಸಿ ಹೊಗಿ ಹಾಕೋದು. ಬಾಗಲ ಎರಡೂ ಮುಚ್ಚಿ.

ನಾ ಒಬ್ಬೊಬ್ಬರ ಹಿಂದ ಬಿದ್ದೆ.

ಮೊದಲು ಅವ್ವಗ ಹೇಳಿದೆ. ನಿಮ್ಮಪ್ಪಗ ಹೇಳು ಅಂದ್ಲು. ಅಪ್ಪಗ ಹೇಳಿದೆ, ನಿನ್ನ ಮೀಸಿ ನೆನಪಿಲ್ಲೇನು ಅಂದೆ. ಯಾವ ಮೀಸಿ, ಅದು ಹರಕಿ ಅಲ್ಲೇನು ಅಂದ. ತಾ ಹೇಳಿದ ಸುಳ್ಳು ತಾನೇ ನಂಬಿಬಿಟ್ಟಾನಲ್ಲ, ಇಂಥವನ ಜೋಡಿ ಏನಂತ ಬಡದಾಡೋದು? ಅಕ್ಕಗ ಹೇಳಿದೆ. ಅಕ್ಕ ಪಾಪ, ಜರಾ ತಲಿ ನೋಯಸ್ತದ, ವಾಸನಿ ಬರ್ತದ, ಅಂದ್ಲು, ಆದ್ರ ಹೆರಿಗಿಗೆ ಬಂದಾಕಿ ಮಾತು ಯಾರು ಕೇಳ್ತಾರ. ಆಯಿಗೆ ಹೇಳಿದೆ.

"ಬಾಣಂತಿ ಕೋಲ್ಯಾಗ ನಿಂತು ಸುಡ್ತದ ಬೀಳ್ತದ ಅಂತೀಯಲ್ಲ, ನಾಲಿಗಿಗೆ ಹಾದಿ ಬೀದಿ ಅದ ಇಲ್ಲ? ಹಳ್ಳದಾಗ ರೈಲಿನಷ್ಟು ಉದ್ದ ಹಾವು ನೋಡಿದಾಕಿ ನೀನೇ ಅಲ್ಲೇನು?"

ಹಾವು ಅಷ್ಟು ಉದ್ದ ಇರಲಿಲ್ಲ, ಒಪ್ತೀನಿ. ಆದ್ರ ಹಾವು ಇತ್ತು.

ಬಾಯಿ ಮಾತು ಕೆಲಸಕ್ಕ ಬರಲಿಲ್ಲಂತ ಕಣ್ಣಿಗೆ ತೋರಿಸ್ತೀನಿ ಅಂದ್ಕೊಂಡೆ. ನಮ್ಮ ಕಲ್ಲು ಸುಡಂಗಿಲ್ಲ ಖರೆ, ಆದ್ರ ಸಿಡೀತದ. ಖಣಿಯಾಗಿನ ಹೆಣ್ಮಕ್ಕಳು ಫರಸಿ ತುಂಡು ಒಲಿಗುಂಡ ಮಾಡಂಗಿಲ್ಲ, ಅದೇ ಕಾರಣಕ್ಕ. ಅಪ್ಪ ಮನ್ಯಾಗಿದ್ದಾಗ ಅಂಗಳದಾಗ ಬೆಂಕಿ ಮಾಡಿ, ಒಂದು ಫರಸಿ ತುಂಡು ಮ್ಯಾಲಿಟ್ಟೆ. ಅಪ್ಪನ್ನ ಕರದು ಕುಂದ್ರಿಸಿದೆ. ಏನೂ ಆಗಲಿಲ್ಲ. ಅಪ್ಪ ಆಕಳಿಸಿದ. ನನ್ನ ಮರ್ಯಾದಿ ಕೈಯಾಗ ಹಿಡಕೊಂಡು ಕುಂತಿದ್ದೆ. ಆಮ್ಯಾಲ ಢಂ ಅಂತ ಸಿಡೀತು ನೋಡ್ರಿ, ಒಂದು ಚಕ್ಕಿ ಹಾರಿ ಅವ್ವನ ಕುಡಿಯೋ ನೀರಿನ ಗಡಿಗಿ ಹೊಟ್ಟಿಗೆ ಬಡೀತು. ಗಡಿಗಿ ಅಳಲಿಕ್ಕ ಹತ್ತಿತು.

ನಾ ಗೆದ್ದೆ ಅಂತ ಅಪ್ಪನ ಮಾರಿ ನೋಡಿದೆ. ಅಪ್ಪ ಆ ಚಕ್ಕಿ ಎತ್ತಿ, ತಿರುಗಿಸಿ ನೋಡಿ, ಇದು ನಮ್ಮ ಖಣಿ ಕಲ್ಲೇ ಅಲ್ಲ ಅಂದ. ನಮ್ಮ ಅಂಗಳದಾಗ, ನಮ್ಮ ಕಲ್ಲಿನ ಒಡ್ಡಿನಾಗಿಂದ, ನಾನೇ ಆರಿಸಿ ತಂದ ಕಲ್ಲು. ಗಡಿಗಿ ಒಡದಿದ್ದಕ್ಕ ಅವ್ವ ಬೆನ್ನಿಗೆ ಎರಡು ಬಿಟ್ಲು.

ಕೂಸು ಹುಟ್ಟಿತು. ಗಂಡು. ನನ್ನ ಮುಷ್ಟಿಯಷ್ಟು ಮಾರಿ, ಆದ್ರ ದನಿ ವಾಡಿ ಜಂಕ್ಷನ್ನಿನ ಇಂಜಿನ್ನಿಂದು. ಅದು ಬಂದ ಮ್ಯಾಲ ನನಗ ನಿದ್ದಿ ಹೋಯ್ತು. ಅದರ ಅಳುವಿಗಲ್ಲ. ಹೊರಸಿನ ಬುಡಕ ಕೆಂಡ, ಮೂಲ್ಯಾಗ ಡಬ್ಬಿ, ನಡುವ ನಮ್ಮಕ್ಕ, ಆಕಿ ಬಗಲಾಗ ಆ ಮುಷ್ಟಿಯಷ್ಟು ಮಾರಿ. ಅಪ್ಪ ಬ್ಯಾರೆ, ದಿನಾ ಮುಂಜಾನಿ ಬಂದು, ಮಾರಿ ಅತ್ಲಾಗ ತಿರುಗಿಸಿಕೊಂಡು, ಪರದಾ ಸರಿಸಿ, ಡಬ್ಬಿ ಬಗ್ಗಿಸಿ ಜೀಪಿಗೆ ಪೆಟ್ರೋಲ್ ಒಯ್ತಿದ್ದ. ಒಯ್ಯೋಮುಂದ ತೊಟಕ್ ತೊಟಕ್ ನೆಲಕ್ಕ. ಕಲ್ಲು ಕುಡೀತಿತ್ತು. ಮೂಲ್ಯಾಗ ಪೆಟ್ರೋಲು ಎಣ್ಣಿ ಕೂಡಿ ಒಂದು ಕರಿ ಕಲಿ ಬಿದ್ದು ದಿನಾ ದೊಡ್ಡದಾಗ್ತಿತ್ತು.

ನಾ ಒಂದು ಬುಟ್ಟಿ ಉಸುಕು ತಂದು ಹೊರಸಿನ ಬಾಜೂಕಿಟ್ಟೆ. ಬೆಕ್ಕು ಹೇತು ಹೋಗ್ತದಂತ ಆಯಿ ಹೊರಗ ಚೆಲ್ಲಿಸಿದ್ಲು. ಬಕೀಟಿನಾಗ ಗೋಣಿಚೀಲ ನೆನಸಿ ಇಟ್ಟೆ. ಬಾಣಂತಿ ಕೋಲ್ಯಾಗ ತಂಪು ಇಡ್ತೀಯೇನು, ಆಕಿಗೆ ಸನ್ನಿ ಹಿಡೀಬೇಕೇನು, ಅಂತ ಅದನ್ನೂ ಹೊರಗ ಹಾಕಿಸಿದ್ಲು. ಸಣ್ಣ ಬಾಗಲ ಜರಾ ತಗದು ಇಟ್ರ ಬಂದು ಮುಚ್ತಿದ್ಲು. ಕಡೀಕ ನಾ ಉಸುಕಿನ ಬುಟ್ಟಿ ಮತ್ತ ಹಸಿ ಚೀಲ ಸಣ್ಣ ಬಾಗಲ ಹಿಂದ, ಪಡಸಾಲ್ಯಾಗ, ನನ್ನ ಶಾಲಿ ಚೀಲದ ಬುಡಕ ಬಚ್ಚಿಟ್ಟೆ. ಮಂದಿ ಬೆಲ್ಲ ಬಚ್ಚಿಡ್ತಾರ, ನಾ ಉಸುಕು ಬಚ್ಚಿಡೋ ಗತಿ ಬಂತು. ಭೂಗೋಳ ಪುಸ್ತಕ ನೆನದು ಅದರಾಗಿನ ಸಮುದ್ರ ಎಲ್ಲಾ ಖರೇನೇ ಹಸಿ ಆದವು.

ತೊಟ್ಟಿಲ ಕಾರ್ಯಕ್ಕ ಅಕ್ಕನ ಅತ್ತಿ ಸೇಡಂದಿಂದ ಬರ್ತಾಳ ಅಂತ ಸುದ್ದಿ ಬಂತು. ಆಕಿ ಬರೋದಂದ್ರ ನಮ್ಮ ಆಯಿಗೆ ತಹಸೀಲ್ದಾರ್ ಬಂದಂಗ. ಪಾತ್ರಿ ತಿಕ್ಕು, ಕಟ್ಟಿ ಸಾರಸು, ಹಳೇ ಚಾದರ ಮುಚ್ಚಿಡು. ಅದನ್ನ ನೋಡ್ತಾ ನೋಡ್ತಾ ನನ್ನ ತಲ್ಯಾಗ ಒಂದು ದೀಪ ಹತ್ತಿತು. ನಾ ಖರೆ ಹೇಳಿ ಹೇಳಿ ಹೈರಾಣ ಆಗಿದ್ದೆ. ನನ್ನ ಕಸಬು ಬಿಟ್ಟು ಮಂದಿ ಕಸಬಿಗೆ ಯಾಕ ಹೋಗಬೇಕಿತ್ತು?

ಮಧ್ಯಾಹ್ನ ಆಯಿ ಕೂಸಿಗೆ ಎಣ್ಣಿ ಹಚ್ಚಲಿಕತ್ತಿದ್ಲು. ನಾ ಹೋಗಿ ಬಾಜೂಕ ಕುಂತೆ. ಭಾಳ ಹೊತ್ತು ಏನೂ ಅನ್ನಲಿಲ್ಲ. ನಾ ಸುಮ್ಮ ಕುಂತ್ರ ಮನ್ಯಾಗ ಎಲ್ಲಾರಿಗೂ ಅಂಜಿಕಿ ಬರ್ತದ.

"ಯಾಕ, ಏನಾಗ್ಯಾದ ನಿನಗ?" ಅಂದ್ಲು ಆಯಿ.

"ಏನಿಲ್ಲ ಆಯಿ. ಕೂಸಿನ ನೆತ್ತಿ ಜೀಪು ನಾರಿದಂಗ ನಾರ್ತದ. ಅಕ್ಕನ ಅತ್ತಿ ಎತ್ತಿಕೊಂಡು ಮೂಸಿದ್ರ ಏನು ಹೇಳೋದು ಅಂತ ವಿಚಾರ ಮಾಡ್ಲಿಕತ್ತಿದ್ದೆ."

ಆಯಿ ಕೈ ನಿಂತಿತು. ಕೂಸಿನ ನೆತ್ತಿಗೆ ಮೂಗು ಹಚ್ಚಿದ್ಲು. ಒಮ್ಮಿ ಮೂಸಿದ್ಲು. ಕೂಸನ್ನ ಮಗ್ಗಲು ಮಾಡಿ ಇನ್ನೊಮ್ಮಿ ಮೂಸಿದ್ಲು. ಸೇಡಂದವರ ಮೂಗು ಭಾಳ ಚುರುಕಂತ, ಕಡೀ ಮನ್ಯಾಗ ಸಾರು ಹೊತ್ತಿದ್ರ ಮೊದಲನೇ ಮನ್ಯಾಗ ಸೀನ್ತಾರಂತ, ಅಂದೆ. ಈ ವಾಸನಿ ಎದಿ ಹಾಲಿಗೂ ಹತ್ತತದಂತ ನಮ್ಮ ಶಾಲಿ ಬಾಯಾರು ಹೇಳ್ಯಾರ, ಅಂತ ಮ್ಯಾಲ ಒಂದು ಉದುರಿಸಿದೆ. ನಮ್ಮ ಬಾಯಾರು ನಮಗ ಕಲಿಸಿದ್ದು ಹೊಲಿಗಿ ಒಂದೇ.

ಆಯಿ ಎದ್ದು ನಿಂತದ್ದು ನೋಡಬೇಕಿತ್ತು ನೀವು. ಮಣಕಾಲು ನೋವಂತ ದಿನಾ ನರಳೋ ಮುದುಕಿ, ಒಂದು ಜಿಗಿತಕ್ಕ ಅಂಗಳದಾಗ. ಅಪ್ಪ ಜೀಪಿನ ಬುಡಕ ಮಲಗಿ ಏನೋ ಬಿಗಿ ಮಾಡ್ಲಿಕತ್ತಿದ್ದ. ಆಯಿ ಅವನ ಕಾಲು ಹಿಡದು ಎಳದ್ಲು.

"ಏಳಲೇ. ನಿನ್ನ ಡಬ್ಬಿ ಈಗಿಂದೀಗ ಹೊರಗ ಹೋಗಬೇಕು. ನನ್ನ ಮರಿಮಗಗ ಊರು ತುಂಬ ಜೀಪಿನ ಕೂಸು ಅನ್ನಿಸಬೇಕಂತ ಮಾಡೀಯೇನು?"

ಕಳ್ಳರು ಒಯ್ತಾರ ಅಂದ ಅಪ್ಪ. ಒಯ್ಯಲಿ, ಕಳ್ಳರ ಕೂಸು ನಾರಲಿ ಅಂದ್ಲು ಆಯಿ. ಡಬ್ಬಿ ಹೊರಗ ಬಂದವು, ಘಾಸ್ಲೇಟ್ ಬಂತು, ಎಣ್ಣಿ ಅರಿವಿ ಬಂದವು, ಗೋಣಿಚೀಲ ಬಂದವು. ಅಂಗಳದಾಗ ಒಲಿ ಅದಲ್ಲ ಅಂತ ನನಗ ಮತ್ತ ಜೀವ ಹೊಡಕೊಳ್ಳಲಿಕ್ಕ ಹತ್ತಿತು. ಗಾಳಿ ಈ ಕಡೀನೇ ಬೀಸ್ತದ ಆಯಿ, ಇಲ್ಲಿಂದ ಇನ್ನೂ ಛಲೋ ಬರ್ತದ ವಾಸನಿ, ಅಂದೆ. ಆಯಿ ಇನ್ನೂ ದೂರ ಒಯ್ಯಿ ಅಂದ್ಲು. ಹಿತ್ತಲ ದಾಟಿ, ಹಾಳು ಬಿದ್ದ ಕೊಟ್ಟಿಗ್ಯಾಗ, ಮ್ಯಾಲ ಛತ್ತಿಲ್ಲದ ಜಾಗದಾಗ ಡಬ್ಬಿ ಕುಂತವು. ಬೂಚಿಲ್ಲದ್ದಕ್ಕ ಬೂಚು ಹಾಕಿಸಿದ್ಲು. ಒಂದು ಬಾಜೂಕ ಖುಷಿ, ಒಂದು ಬಾಜೂಕ ಮೈ ಉರೀತು ನನಗ. ಕೂಸು ಸುಟ್ಟೀತು ಅಂದ್ರ ಒಬ್ಬರೂ ಎದ್ದಿರಲಿಲ್ಲ. ಕೂಸು ನಾತ ಹೊಡೀತದ ಅಂದ್ರ ಮನೀಗೆ ಮನೀನೇ ಎದ್ದಿತು.

ಕಾರ್ಯದ ಹಿಂದಿನ ಸಂಜೀಕ ಶಗಡಿ ಕಾಲು ಮುರೀತು. ಅವ್ವ ಇನ್ನೊಂದು ತರತೀನಿ ಅಂತಿದ್ಲು, ಆಯಿ ಕಾಯಲಿಲ್ಲ. ಕಲ್ಲಿಗೇನಾಗ್ತದ ಅಂತ ಕೆಂಡ ಎಲ್ಲಾ ಸೀದಾ ಹೊರಸಿನ ಬುಡಕ ಫರಸಿ ಮ್ಯಾಲೇ ಸುರುವಿದ್ಲು. ಕಾರ್ಯಕ್ಕಂತ ಆ ನೆಲ ಆಗೇ ತೊಳದಿದ್ರು, ಸಂದಿನಾಗ ನೀರು ಇನ್ನೂ ಇತ್ತು. ನಾ ಸಣ್ಣ ಬಾಗಲದಾಗ ನಿಂತು ಬ್ಯಾಡ ಅಂದೆ. ಆಯಿ ಅಜವಾನ ಉದುರಿಸಿದ್ಲು.

ಆಮ್ಯಾಲ ಢಂ ಅಂತು. ಅಂಗಳದಾಗ ಕೇಳಿದ ಸಪ್ಪಳ ಅದರ ಮುಂದ ಚಿಟಿಕಿ. ಫರಸಿ ಬಾಯಿ ಬಿಟ್ಟು, ಕೆಂಡ ಕೋಲಿ ತುಂಬ ಹಾರಿದವು. ಹೊರಸಿನ ಹಗ್ಗ ಹತ್ತಿತು. ಅಕ್ಕ ಕೂಸಿನ್ನ ಎದಿಗೆ ಅವಚಿಕೊಂಡು, ಸಣ್ಣ ಬಾಗಲದಾಗಿಂದ ನನ್ನ ದಾಟಿ ಹೊರಗ ಬಂದ್ಲು. ಆಯಿ ನಿಂತಲ್ಲೇ ಕಲ್ಲಾಗಿದ್ಲು, ಆಕೀನ್ನ ಅವ್ವ ಸೆರಗು ಹಿಡದು ಎಳದ್ಲು. ನಾ ಭೂಗೋಳ ಪುಸ್ತಕ ಒಗದು ಹಸಿ ಚೀಲ ತಗೊಂಡು ಹೊರಸಿನ ಮ್ಯಾಲ ಹಾಕಿದೆ, ಉಸುಕು ಚೆಲ್ಲಿದೆ. ಆರಿತು. ಇಲ್ಲಿ ನಾ ಒಂದಕ್ಕ ಹತ್ತು ಸೇರಿಸಬಹುದಿತ್ತು. ಸೇರಿಸಂಗಿಲ್ಲ.

ಅಷ್ಟೊತ್ತಿಗೆ ಅಪ್ಪ ಓಡಿ ಬಂದು ದೊಡ್ಡ ಬಾಗಲ ತಗದ. ಎಲ್ಲಾರೂ ಮೂಲಿ ನೋಡಿದೆವು. ಡಬ್ಬಿ ಇದ್ದ ಜಾಗದಾಗ, ಆ ಕರಿ ಕಲಿ ಮ್ಯಾಲ, ಒಂದು ಕೆಂಡ ಹೋಗಿ ಬಿದ್ದಿತ್ತು. ಮುಂದ ಕಟ್ಟಿದ್ದ ಸೀರಿ ಇಲ್ಲ, ಡಬ್ಬಿ ಇಲ್ಲ, ಏನೂ ಇಲ್ಲ. ಖಾಲಿ ನೆಲ. ಆ ಖಾಲಿ ನೆಲ ಅಂಗೈಯಷ್ಟು ಅಗಲಕ್ಕ ನೀಲಿಯಾಗಿ ಉರೀಲಿಕತ್ತಿತ್ತು. ಬರೇ ಕಲಿ. ಕಲ್ಲಿನ ಮ್ಯಾಲ. ಉಳಿದ ಉಸುಕು ನಾನೇ ಹಾಕಿದೆ.

ಅಪ್ಪ ಈಗರ ಒಂದು ಮಾತು ಅಂತಾನ ಅಂತ ಕಾದೆ. ಒಡದ ಫರಸಿ ಕಾಲಿಲೆ ಮುಟ್ಟಿ ನೋಡಿ, ಇದು ನಮ್ಮ ಖಣಿದು ಅಲ್ಲ ಅಂದ.

ಮರುದಿನ ಅಕ್ಕನ ಅತ್ತಿ ಬಂದ್ಲು. ಕೂಸಿನ್ನ ಮೂಸಲೂ ಇಲ್ಲ, ಆಕಿಗೆ ನೆಗಡಿ ಆಗಿತ್ತು. ಊರಾಗ ಸುದ್ದಿ ಆಯ್ತು. ಏನಂತ? ಆಯಿಗೆ ಮೊದಲೇ ವಾಸನಿ ಬಡದಿತ್ತಂತ, ಆಕಿ ಡಬ್ಬಿ ಹೊರಗ ಹಾಕಿಸಿದ್ದಕ್ಕ ಬಾಣಂತಿ ಮತ್ತ ಕೂಸು ಉಳದರಂತ. ಹಿರಿಯರ ಮೂಗು ನೋಡ್ರಿ ಅಂದ್ರು. ಆಜೂಬಾಜೂದವರು ಕೂಸುಗಳನ್ನ ತಂದು ಆಯಿ ಮೂಗಿಗೆ ಹಿಡೀಲಿಕ್ಕ ಹತ್ತಿದ್ರು. ಒಬ್ಬಾಕಿ ತುಪ್ಪ ತಂದಿದ್ಲು. ಆಯಿ ಕಣ್ಣು ಮುಚ್ಚಿ ಮೂಸಿ, ಇದು ಸರಿ, ಇದು ಸರಿ ಇಲ್ಲ ಅಂತ ಹೇಳ್ತಿದ್ಲು. ಉಸುಕು ಯಾರು ಬಚ್ಚಿಟ್ಟಿದ್ರು ಅಂತ ಒಬ್ಬರೂ ಕೇಳಲಿಲ್ಲ. ನಾನೇ ಹೇಳಿದೆ. ನಕ್ಕು, ಹಾವು ಎಷ್ಟು ಉದ್ದ ಇತ್ತು ಅಂದ್ರು.

ಅಕ್ಕನ ಬಾಣಂತನ ಮುಗೀತು. ಜೀಪಿನಾಗೇ ಸೇಡಂಕ ಕಳಿಸಿ ಬಂದ್ವಿ, ಕೂಸು ಹಾದಿ ತುಂಬ ಇಂಜಿನ್ ಜೋಡಿ ಜಗಳಾಡಿತು. ಮನಿಗೆ ಬಂದ ಮರುದಿನ ಅಪ್ಪ ಹಿತ್ತಲದಿಂದ ಎರಡು ಕೈಯಾಗ ಎರಡು ಡಬ್ಬಿ ಹಿಡಕೊಂಡು ಮೋಟಾರ್ ಕೋಲಿ ಕಡೆ ನಡದ. ನಾ ಆ ಕೋಲಿ ಹೊಸ್ತಿಲ ಮ್ಯಾಲೇ ಕುಂತಿದ್ದೆ. ಈಗ ಕೂಸಿಲ್ಲ, ಅತ್ತಿ ಇಲ್ಲ, ನಾತದ ಮಾತು ನಡೆಯಂಗಿಲ್ಲ. ಹೊಸ ಸುಳ್ಳು ಹುಡುಕಲಿಕ್ಕ ಹತ್ತಿದೆ, ಒಂದೂ ಸಿಗಲಿಲ್ಲ. ಎದ್ದು ಹಾದಿ ಬಿಟ್ಟೆ.

ಅಪ್ಪ ಒಳಗ ಹೋದ. ಮೂಲಿ ತನಕ ಹೋದ. ಒಡದ ಫರಸಿ ಇನ್ನೂ ಹಂಗೇ ಬಾಯಿ ತೆರಕೊಂಡಿತ್ತು, ಆ ಕಲಿ ಮ್ಯಾಲ ನನ್ನ ಉಸುಕು ಇನ್ನೂ ಇತ್ತು. ಡಬ್ಬಿ ಕೆಳಗಿಡಲಿಲ್ಲ. ಹಂಗೇ ನಿಂತ, ಎರಡು ಕೈ ಜಗ್ಗೋ ಭಾರ ಹಿಡಕೊಂಡು, ಒಲಿ ಮ್ಯಾಲ ಹಾಲು ಉಕ್ಕಿ ಆರೋವಷ್ಟು ಹೊತ್ತು. ಒಂದು ಕೈ ಎತ್ತಿ ಮೂಗಿನ ಕೆಳಗ ಮೀಸಿ ಒರಸಿಕೊಳ್ಳಲಿಕ್ಕ ನೋಡಿದ, ಡಬ್ಬಿ ಇದ್ದದ್ದು ಮರೆತು. ಮೀಸಿ ಆಗ ಪೂರಾ ಬಂದಿತ್ತು.

ಆಮ್ಯಾಲ ತಿರುಗಿ ಹೊರಗ ಬಂದ. ನನ್ನ ಮಾರಿ ನೋಡಲಿಲ್ಲ.

"ಜಾಗ ಸಾಲಂಗಿಲ್ಲ ಇಲ್ಲಿ," ಅಂದ, ಅಷ್ಟು ದೊಡ್ಡ ಖಾಲಿ ಕೋಲಿ ಹಿಂದ ಬಿಟ್ಟು, ಡಬ್ಬಿ ವಾಪಸ್ ಹಿತ್ತಲಕ್ಕ ಒಯ್ದ.